ಗುಲಾಬಿ ಗೆರೆ

ಬೀದಿಯವರು ಅವನಿಗೆ ಇಟ್ಟ ಹೆಸರು ಕೆಂಡ. ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಬಾಡಿಗೆ ಕಾರು ಓಡಿಸುವವನಿಗೆ ಇಷ್ಟು ಮುಂಗೋಪ ಒಳ್ಳೆಯದಲ್ಲ ಎಂದು ಎಲ್ಲರೂ ಬುದ್ಧಿ ಹೇಳುತ್ತಿದ್ದರು, ಒಂದು ಮಾರು ದೂರ ನಿಂತುಕೊಂಡು. ಆದರೆ ತಮ್ಮನ ಮೇಲೆ ಮಾತ್ರ ಅವನು ಎಂದೂ ದನಿ ಏರಿಸಿದವನಲ್ಲ. ಅಪ್ಪ ಬಿಟ್ಟುಹೋದದ್ದು ಒಂದೇ ಕಾರು. ಬೆಳಗಿನ ಹೊತ್ತು ಅಣ್ಣ ಓಡಿಸಬೇಕು, ಮಧ್ಯಾಹ್ನದ ಮೇಲೆ ತಮ್ಮ. ಮನೆಯೂ ಹಾಗೆಯೇ, ಕೆಳಗೆ ಅಣ್ಣನ ಸಂಸಾರ, ಮಹಡಿಯಲ್ಲಿ ತಮ್ಮನದು.

ಆ ಕಾರು ಈಗ ಕೈಕೊಡುತ್ತಿತ್ತು. ಏರು ಬಂದರೆ ಸಾಕು, ಉಬ್ಬಸದವರ ಹಾಗೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಹತ್ತಿದವರು ಅರ್ಧ ದಾರಿಯಲ್ಲೇ ಇಳಿದು ಬೈದುಕೊಂಡು ಹೋಗುತ್ತಿದ್ದರು. ಟ್ಯಾಂಕಿನಿಂದ ಪೆಟ್ರೋಲು ಎತ್ತುವ ಪಂಪನ್ನು ಹೋದ ಬೇಸಿಗೆಯಲ್ಲಷ್ಟೇ ಕೆಂಡ ಕೈಯಾರೆ ಹೊಸದು ಹಾಕಿದ್ದ. ಹಾಗಾಗಿ ಅವನ ಅನುಮಾನವೆಲ್ಲ ಪೆಟ್ರೋಲಿನ ಮೇಲೆ. "ನೀರು ಬೆರೆಸ್ತೀಯೇನೋ, ಮನೆಹಾಳ!" ಎಂದು ಪೆಟ್ರೋಲು ಬಂಕಿನಲ್ಲೇ, ಹತ್ತು ಜನರೆದುರು ಬಂಕಿನವನ ಕೊರಳಪಟ್ಟಿ ಹಿಡಿದಿದ್ದ. ಅಂದು ಪಕ್ಕದಲ್ಲೇ ಇದ್ದ ತಮ್ಮ, "ಬಿಡಣ್ಣ, ಇಂಥೋರ ಜೊತೆ ಏನು ಮಾತು" ಎಂದು ಕೈ ಬಿಡಿಸಿ ಕರೆತಂದಿದ್ದ. ಬರುವ ದಾರಿಯಲ್ಲೇ ಮೆಲ್ಲಗೆ ಬಾಯಿ ಬಿಟ್ಟಿದ್ದ.

"ಇದರ ಕಥೆ ಮುಗೀತಣ್ಣ. ಗುಜರಿಯವನಿಗೆ ಕೊಟ್ಟು ಕೈ ತೊಳ್ಕೊಳ್ಳೋಣ. ನಾನು ಹೇಗೂ ಬೆಳಗ್ಗೆ ನಮ್ಮ ಸಾಹುಕಾರರ ಕಾರು ಓಡಿಸ್ತಿದೀನಿ. ಅವರ ಹತ್ರಾನೇ ಹೇಳಿ ನಿಂಗೂ ಒಂದು ದಾರಿ ಮಾಡ್ತೀನಿ."

ಆ ಸಾಹುಕಾರರ ಕಾರೂ ಇದೇ ಜಾತಿಯದು. ಸಾಹುಕಾರರನ್ನು ಮಾತ್ರ ಕೆಂಡ ನೋಡಿರಲಿಲ್ಲ.

ಗುಜರಿಯವನು ಭಾನುವಾರ ಸಂಜೆ ಬರುವುದೆಂದು ಮಾತಾಯಿತು. ಕೆಂಡ ಬಾಯಲ್ಲಿ ಹೂಂ ಅಂದಿದ್ದನೇ ಹೊರತು ಒಳಗೆ ಒಪ್ಪಿರಲಿಲ್ಲ. ಕೆಟ್ಟ ಪೆಟ್ರೋಲು ಕುಡಿದು ಹೊಸ ಪಂಪೂ ಸತ್ತಿರಬೇಕು ಎಂದುಕೊಂಡು ಇನ್ನೊಂದು ಪಂಪು, ಒಂದು ಫಿಲ್ಟರು ತಂದು, ಭಾನುವಾರ ಉಂಡವನೇ ಅಂಗಳಕ್ಕಿಳಿದ. ಸಂಜೆಯೊಳಗೆ ಓಡಿದರೆ ಅಪ್ಪನ ಕಾರು ಉಳಿಯಿತು, ಇಲ್ಲವಾದರೆ ತಗಡು.

ಪಂಪಿನ ಫ್ಯೂಸು ಕಿತ್ತು, ಇಂಜಿನ್ನು ತಾನಾಗಿ ಆರುವವರೆಗೆ ಓಡಿಸಿ ಪೈಪಿನೊಳಗಿನ ಒತ್ತಡ ಇಳಿಸಿದ. ಬ್ಯಾಟರಿಯ ತಂತಿ ಕಳಚಿದ. ಹೆಂಡತಿ ಬಾಗಿಲಿಗೆ ಬಂದಳು.

"ಒಲೆ ಆರಿಸಿದೀನಿ. ನಿಮ್ಮ ಬೀಡಿ?"

"ಕಿವಿ ಮೇಲಿದೆ. ಹಚ್ಚಿಲ್ಲ."

"ನಿಮ್ಮ ಸಿಟ್ಟು? ಅದಕ್ಕೂ ಪೆಟ್ರೋಲಿಗೂ ಆಗಿಬರಲ್ಲ."

"ಹೋಗೇ!" ಎಂದು ನಗುತ್ತಲೇ ಹಿಂದಿನ ಸೀಟು ಎತ್ತಿದ. ಅದರಡಿ ದುಂಡನೆಯ ತಗಡಿನ ಮುಚ್ಚಳ. ನಗು ಅಲ್ಲೇ ನಿಂತಿತು.

ಅಪ್ಪನದೊಂದು ಪದ್ಧತಿಯಿತ್ತು. ಯಾವ ತಿರುಪು ಬಿಗಿದರೂ ಅದರ ತಲೆಯಿಂದ ಪಕ್ಕದ ತಗಡಿಗೆ ಹಾಯುವಂತೆ ಉಗುರುಬಣ್ಣದ ಒಂದು ಗೆರೆ ಎಳೆಯುತ್ತಿದ್ದ. ಗೆರೆ ಮುರಿದಿದ್ದರೆ ತಿರುಪು ಸಡಿಲವಾಗಿದೆ, ಇಲ್ಲವೆ ಯಾರೋ ಕೈ ಹಾಕಿದ್ದಾರೆ ಎಂದು ಅರ್ಥ. ಬಣ್ಣದ ಸೀಸೆಗಾಗಿ ಅಪ್ಪ ಅಮ್ಮನ ಹತ್ತಿರ ದಿನಾ ಬೈಸಿಕೊಳ್ಳುತ್ತಿದ್ದ. ಮಕ್ಕಳಿಬ್ಬರಿಗೂ ಅದೇ ಅಭ್ಯಾಸ ಅಂಟಿತ್ತು. ಗೆರೆ ಎಳೆಯದೆ ಏಳುವುದೆಂದರೆ ಉಂಡು ಕೈ ತೊಳೆಯದೆ ಎದ್ದಷ್ಟೇ ಹೇಸಿಗೆ.

ಮುಚ್ಚಳದ ಗೆರೆಗಳು ಮುರಿದಿರಲಿಲ್ಲ. ಎಲ್ಲವೂ ನೆಟ್ಟಗಿದ್ದವು. ಆದರೆ ಗುಲಾಬಿ ಬಣ್ಣದವು.

"ಇಲ್ಲಿ ಬಾ. ಹೋದ ಬೇಸಿಗೇಲಿ ನಾನು ತಗೊಂಡಿದ್ದು ನಿನ್ನ ಸೀಸೆ ತಾನೆ?"

"ಹೂಂ, ಅರ್ಧ ಖಾಲಿ ಮಾಡಿದ್ರಿ. ನಂದು ಕಡುಗೆಂಪು. ಈ ಗುಲಾಬಿ ನಾನು ಹಚ್ಕೊಂಡ್ರೆ ಗೊಂಬೆ ಕೈ ಥರ..." ಮಾತು ಅರ್ಧಕ್ಕೇ ನಿಂತಿತು. ಮಹಡಿಯಲ್ಲಿ ತಮ್ಮನ ಹೆಂಡತಿ ಬಟ್ಟೆ ಹರವುತ್ತಿದ್ದಳು. ಅವಳ ಗುಲಾಬಿ ಉಗುರುಗಳನ್ನು ನೋಡಿ ಇವಳು ತಲೆ ತಗ್ಗಿಸಿದಳು.

ಕೆಂಡ ಉಗುರಿನಿಂದ ಕೆರೆದ. ಗುಲಾಬಿಯ ಅಡಿ ಕಡುಗೆಂಪಿನ ಚೂರುಗಳಿದ್ದವು. ತಿರುಪು ಬಿಚ್ಚಿದ, ಪೈಪು ಬಿಡಿಸಿ ಬಾಯಿಗೆ ಬಟ್ಟೆ ತುರುಕಿದ, ಪಂಪನ್ನು ಬಿಗಿಹಿಡಿದಿದ್ದ ದೊಡ್ಡ ಬಳೆ ತಿರುಗಿಸಿ ಪಂಪನ್ನು ಓರೆಯಾಗಿ ಎತ್ತಿದ. ಕೈಗೆ ಬಂದದ್ದು, ಹೋದ ಬೇಸಿಗೆಯಲ್ಲಿ ಕಳಚಿ ಅಟ್ಟದ ಡಬ್ಬಿಯಲ್ಲಿ ತಾನೇ ಹಾಕಿಟ್ಟಿದ್ದ ಹಳೇ ಪಂಪು! ಅದರ ಮುರಿದ ಕೊಕ್ಕೆಗೆ ತಾನೇ ಸುತ್ತಿದ್ದ ತಾಮ್ರದ ತಂತಿ ಕೂಡ ಹಾಗೇ ಇತ್ತು.

 ಕೆಂಡ ಪಂಪನ್ನು ತಿರುಗಿಸಿ ಮತ್ತೊಮ್ಮೆ ನೋಡಿದ.

ತಮ್ಮ ಹೊರಗಿನಿಂದ ಬಂದ. "ಗುಜರಿಯವನು ಮೂಲೆ ಅಂಗಡಿ ಹತ್ರ ಬಂದಿದಾನೆ... ಏನಣ್ಣ ಇದು, ಬಿಚ್ಚಿಬಿಟ್ಟಿದೀಯ?"

"ನಿಮ್ಮ ಸಾಹುಕಾರರ ಕಾರಿನ ಸೀಟು ಎತ್ತಿದ್ರೆ ನನ್ನ ಪಂಪು ಸಿಗುತ್ತೇನೋ?"

ತಮ್ಮನ ಮುಖ ಸುಣ್ಣವಾಯಿತು.

"ದುಡ್ಡಿರೋ ಸಾಹುಕಾರನಿಗೆ ಕದ್ದ ಪಂಪು ಯಾಕೆ? ಸಾಹುಕಾರ ಅಂತ ಯಾರೂ ಇಲ್ಲ. ಅಲ್ವಾ?"

"ಹೇಳೋಣ ಅಂತಾನೇ ಇದ್ದೆ ಅಣ್ಣ. ಆ ಕಾರು ನಾನೇ ಕೊಂಡ ಮೇಲೆ ಕೈ ಬರಿದಾಗಿತ್ತು. ಅದರ ಪಂಪು ಕೆಟ್ಟು ಕೂತ್ಕೊಳ್ತು. ಬೇಗ ವಾಪಸ್ ಹಾಕೋಣ ಅಂತ..."

"ಕೇಳಿದ್ರೆ ನಾನು ಕೊಡ್ತಿರಲಿಲ್ವೇನೋ?"

"ಬೇರೆ ಆಗ್ತಿದೀನಿ ಅಂತ ಹೇಳಬೇಕಿತ್ತಲ್ಲ, ಅದಕ್ಕೆ."

"ಹೋಗಲಿ. ಕದಿಯೋನು ಗೆರೆ ಯಾಕೆ ಎಳೆದೆ?"

ತಮ್ಮ ನೆಲ ನೋಡಿದ. "ಎಳೀದೆ ಮುಚ್ಚೋಕೆ ಕೈ ಬರಲಿಲ್ಲ ಅಣ್ಣ."

ಅದನ್ನು ಕೇಳಿ ಕೆಂಡನ ಕಣ್ಣು ಉರಿಯಿತು. ಪೆಟ್ರೋಲಿನ ಘಾಟು ಎಂದು ತೋಳಿನಿಂದ ಒರೆಸಿಕೊಂಡ. "ಬಂಕಿನಲ್ಲಿ ನಾನು ಆ ಬಡಪಾಯಿ ಕೊರಳು ಹಿಡಿದಾಗ ನೀನು ಪಕ್ಕದಲ್ಲೇ ಇದ್ದೆ. ನಿಂಗೆ ಎಲ್ಲಾ ಗೊತ್ತಿತ್ತು."

 ಕೆಂಡ ಪೆಟ್ರೋಲು ತೊಟ್ಟಿಕ್ಕುತ್ತಿದ್ದ ಹಳೇ ಪಂಪನ್ನು ಅವನ ಕೈಗಿಟ್ಟ. "ಇದು ನಿಂದು. ನಂದು ನೀನಾಗಲೇ ತಗೊಂಡಿದೀಯ. ಗುಜರಿಯವನನ್ನ ಕಳಿಸು. ನಾಳೆಯಿಂದ ಮಧ್ಯಾಹ್ನದ ಮೇಲೂ ನಾನೇ ಓಡಿಸ್ತೀನಿ."

ಹೊಸ ಪಂಪು ಕೂರಿಸಿ ರಬ್ಬರು ಬಳೆ ಬದಲಿಸಿದ. ಕಾರಿನಡಿ ನುಸುಳಿ, ಬಾಣದ ಗುರುತು ಇಂಜಿನ್ನಿನ ಕಡೆಗಿರುವಂತೆ ಫಿಲ್ಟರು ಹಾಕಿದ. ಹೆಂಡತಿ ಕೇಳದೆಯೇ ಕಡುಗೆಂಪಿನ ಸೀಸೆ ತಂದಿಟ್ಟಳು. ಕೆಂಡ ಎಳೆದ ಗೆರೆಗಳು ಸೊಟ್ಟಗಾದವು. ಫ್ಯೂಸು ಹಾಕಿ, ಬ್ಯಾಟರಿಯ ತಂತಿ ಸೇರಿಸಿ ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಇಂಜಿನ್ನು ಎದ್ದಿತು. ಅಂಗಳದಲ್ಲಿ ಯಾರೂ ಸಂತೋಷಪಡಲಿಲ್ಲ.

ಏರನ್ನು ಒಂದೇ ಉಸಿರಿಗೆ ಹತ್ತಿಸಿ ಸೀದಾ ಬಂಕಿಗೆ ಹೋದ. ಕಾರು ಕಂಡ ಬಂಕಿನವನು ಎರಡು ಹೆಜ್ಜೆ ಹಿಂದೆ ಸರಿದ. ಅವನ ಕೈ ತಾನಾಗಿ ತನ್ನ ಕೊರಳಪಟ್ಟಿಗೆ ಹೋಯಿತು.

ಕೆಂಡ ಇಳಿದು ಕೈ ಮುಗಿದ. "ನಿನ್ನ ಪೆಟ್ರೋಲು ಸರಿಯಾಗೇ ಇತ್ತಪ್ಪ. ತಪ್ಪಾಯ್ತು."

"ನಾನು ಅವತ್ತೇ ಬಡ್ಕೊಂಡೆ, ಕೇಳಿದ್ರಾ? ಮತ್ತೆ ಮಾಡಿದ್ದು ಯಾರು?"

ತಮ್ಮ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕೆಂಡ ಅದನ್ನು ನುಂಗಿಕೊಂಡ.

"ಯಾರೂ ಇಲ್ಲ. ಪಂಪು ಹಳೇದಾಗಿತ್ತು. ತುಂಬಿಸು."