ಮುಟ್ಟಿ ನೋಡುವ ಗೂಬೆ

ದೂರು ವಿಭಾಗದ ಗುಮಾಸ್ತ ಆ ಹೆಂಗಸನ್ನು ಎಂಟು ತಿಂಗಳು ಐಸ್‌ಕ್ರೀಮ್ ಮಾರುವವರೆಂದೇ ನಂಬಿದ್ದ. ವಾರಕ್ಕೆರಡು ಸಲ, ಅವನು ಆಫೀಸಿಗೆ ಬರುವ ಹೊತ್ತಿಗೆ, ಹನ್ನೊಂದು ಮಹಡಿಯ ಗಾಜಿನ ಕಟ್ಟಡದ ಹಿಂಬಾಗಿಲ ಬಳಿ ಅವರು ನೀಲಿ ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಿಂತಿರುತ್ತಿದ್ದರು. ಕಾವಲುಗಾರನಿಗೂ ಅವರಿಗೂ ಏನೋ ಕೈಬದಲು ನಡೆಯುತ್ತಿತ್ತು. ಸಾಮಾನು ಪೆಟ್ಟಿಗೆಯಿಂದ ಹೊರಗೆ ಬರುತ್ತಿಲ್ಲ, ಒಳಗೆ ಹೋಗುತ್ತಿದೆ ಎಂಬ ಸಣ್ಣ ವಿಷಯ ಗುಮಾಸ್ತನ ತಲೆಗೆ ಹೊಳೆದಿರಲಿಲ್ಲ. ದೂರು ವಿಭಾಗದಲ್ಲಿ ಬರೆದುಕೊಳ್ಳುವುದಕ್ಕೆ ಸಂಬಳ ಕೊಡುತ್ತಾರೆಯೇ ಹೊರತು ಗಮನಿಸುವುದಕ್ಕಲ್ಲ.

ಒಂದು ದಿನ ಸೆಕೆ ತಡೆಯಲಾಗಲಿಲ್ಲ. ಅವನು ಹತ್ತಿರ ಹೋಗಿ, ಊರಿಗೆಲ್ಲ ತಾನೇ ಕೊಡಿಸುವವನ ಗತ್ತಿನಲ್ಲಿ ಎರಡು ಬೆರಳೆತ್ತಿ, "ಎರಡು ಕಡ್ಡಿ ಐಸ್ ಕೊಡಿ" ಎಂದ.

ಆಕೆ ಅವನನ್ನು ನೆತ್ತಿಯಿಂದ ಚಪ್ಪಲಿಯವರೆಗೆ ಒಮ್ಮೆ ನೋಡಿ ಮುಚ್ಚಳ ತೆಗೆದರು. ಐಸ್ ತುಂಡುಗಳ ನಡುವೆ, ಹಳೆ ಪೇಪರಿನ ಸುರುಳಿಯಲ್ಲಿ, ಬಿಳಿ ಮುಖದ ಗೂಬೆಯೊಂದು ಕಣ್ಣು ಮುಚ್ಚಿ ಮಲಗಿತ್ತು.

"ಒಂದೇ ಇರೋದು" ಎಂದರು ಆಕೆ. "ಅದೂ ಬೇರೆಯವರಿಗೆ ಹೇಳಿಬಿಟ್ಟಿದೆ."

ಕಾವಲುಗಾರ ನಕ್ಕ ನಗು ಮಧ್ಯಾಹ್ನದೊಳಗೆ ಎಂಟನೇ ಮಹಡಿಯಲ್ಲಿದ್ದ ಅವನ ಆಫೀಸು ತಲುಪಿತು. ಲಿಫ್ಟ್ ದುರಸ್ತಿ ಕಂಪನಿಯ ಆಫೀಸಿನಲ್ಲಿ ಸುದ್ದಿ ಮಾತ್ರ ಎಂದೂ ನಡುವೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಆ ವಾರವಿಡೀ ಗುಮಾಸ್ತನ ಹೆಸರು ಕಡ್ಡಿ ಐಸ್ ಎಂದಾಯಿತು.

ಹೋದ ಮಾನವನ್ನು ಹುಡುಕಿಕೊಂಡು ಹೋದವನಿಗೆ ವಿಷಯ ತಿಳಿಯಿತು. ಹಾರಿ ಬರುವ ಹಕ್ಕಿಗಳು ಗಾಜಿನಲ್ಲಿ ಆಕಾಶ ಕಂಡು ನೇರ ಬಂದು ಬಡಿಯುತ್ತವೆ. ಸತ್ತು ಬಿದ್ದುದನ್ನು ಕಾವಲುಗಾರ ಎತ್ತಿಡುತ್ತಾನೆ, ಆಕೆ ಒಯ್ಯುತ್ತಾರೆ. ಸತ್ತು ಸಿಕ್ಕಿದ್ದನ್ನು ಮಾತ್ರ ಇಟ್ಟುಕೊಳ್ಳಬಹುದು ಎಂಬ ಅರಣ್ಯ ಇಲಾಖೆಯ ಪರವಾನಗಿಯನ್ನು ಪ್ಲಾಸ್ಟಿಕ್ ಹಾಕಿಸಿ ಮುಚ್ಚಳದ ಒಳಬದಿಗೆ ಅಂಟಿಸಿದ್ದರು. ಹಕ್ಕಿಯ ಚರ್ಮವನ್ನು ಗರಿ ಸಮೇತ ಬಿಡಿಸಿ, ಹದ ಮಾಡಿ, ಒಳಗೆ ಹೊಸ ಮೈ ಇಟ್ಟು ಹೊಲಿಯುವುದು ಅವರ ಕೆಲಸ. ಅದಕ್ಕೆ ಪುಸ್ತಕದಲ್ಲಿ ಚರ್ಮ ಪ್ರಸಾಧನ ಎಂಬ ದೊಡ್ಡ ಹೆಸರಿದೆ. ಅವರ ಬಾಯಲ್ಲಿ ಅದು ಬರೀ 'ನಿಲ್ಲಿಸೋದು'. ಭಾನುವಾರ ಮನೆಯ ಹಿಂದಿನ ಕೋಣೆಯಲ್ಲಿ ಪಾಠವಿದೆ, ಬೇಕಿದ್ದರೆ ಬಾ, ಆದರೆ ಸುಮ್ಮನೆ ನೋಡುತ್ತಾ ನಿಲ್ಲಲು ಬಿಡುವುದಿಲ್ಲ ಎಂದರು.

ಶಿಷ್ಯರು ಅವರನ್ನು ಕರೆಯುತ್ತಿದ್ದದ್ದು ಸೂಜಿಯಮ್ಮ ಎಂದು. ತಂದೆ ಸೋಫಾ ಹೊಲಿಯುವವರು, ಮಗಳೂ ಅದೇ ಕಸುಬಿಗೆ ಕೈ ಹಾಕಿದವರು. ಇಪ್ಪತ್ತೊಂದನೇ ವಯಸ್ಸಿನಲ್ಲಿ ವಸ್ತುಸಂಗ್ರಹಾಲಯದ ಅಧಿಕಾರಿಯ ಕುರ್ಚಿಗೆ ಹೊಸ ಹೊದಿಕೆ ಹಾಕಲು ಹೋಗಿದ್ದರು. ಅಲ್ಲಿ ಮೂಲೆಯಲ್ಲಿ ನಿಲ್ಲಿಸಿದ್ದ ಕರಡಿಯ ಹೊಟ್ಟೆ ಬಿರಿದು ಹುಲ್ಲು ಹೊರಬಂದಿತ್ತು. ಕುರ್ಚಿ ಮುಗಿಸಿ, ಯಾರೂ ಹೇಳದಿದ್ದರೂ ಕರಡಿಯನ್ನೂ ಹೊಲಿದು ಬಂದರು. ಮರುದಿನವೇ ಅಧಿಕಾರಿ ಹೇಳಿ ಕಳಿಸಿದ. ಬೈಯುವುದಕ್ಕೆ ಎಂದುಕೊಂಡು ಹೋದವರಿಗೆ ಅಲ್ಲಿನ ಕಾರ್ಯಾಗಾರದಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತೆರಡು ವರ್ಷ ಅಲ್ಲೇ ಕೂತು, ಮುಟ್ಟಬೇಡಿ ಎಂಬ ಬೋರ್ಡಿನ ಹಿಂದೆ ನೂರಾರು ಪ್ರಾಣಿಗಳನ್ನು ನಿಲ್ಲಿಸಿದರು.

ಅವರ ಯಜಮಾನರು ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದ ಮೇಷ್ಟ್ರು. ನಲವತ್ತು ದಾಟುತ್ತಲೇ ಅವರ ಕಣ್ಣು ಅಂಚಿನಿಂದ ಮಬ್ಬಾಗುತ್ತಾ ಬಂದು, ನಾಲ್ಕು ವರ್ಷದಲ್ಲಿ ಪೂರ್ತಿ ಹೋಯಿತು. ಒಂದು ದಿನ ಸೂಜಿಯಮ್ಮ ಗಂಡನನ್ನು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ, ತಾವು ಮೊದಲು ಹೊಲಿದ ಕರಡಿಯ ಮೇಲೆ ಅವರ ಕೈ ಇಡಿಸಿದರು. ಕಾವಲಿನವನು ದೂರದಿಂದಲೇ ಕೂಗಿದ, ಕಣ್ಣು ಕಾಣಲ್ವೇನ್ರೀ ಅಂತ. "ಅವನು ಸರಿಯಾಗೇ ಕೇಳಿದ" ಎಂದು ಮೇಷ್ಟ್ರು ಈಗಲೂ ನಗುತ್ತಾರೆ. ಸೂಜಿಯಮ್ಮ ನಗುವುದಿಲ್ಲ. ಆದರೆ ನ್ಯಾಯವಾಗಿ ಒಂದು ಮಾತು ಸೇರಿಸುತ್ತಾರೆ: ಹಳೆ ಪ್ರಾಣಿಗಳಿಗೆಲ್ಲ ಹುಳು ಹಿಡಿಯದಿರಲಿ ಎಂದು ವಿಷದ ಪುಡಿ ಹಚ್ಚಿರುತ್ತಾರೆ, ಮುಟ್ಟಬಾರದು ಅನ್ನುವುದು ಸುಳ್ಳಲ್ಲ. ಹಾಗಾದರೆ ಮುಟ್ಟಬಹುದಾದದ್ದನ್ನು ಮಾಡಿದರಾಯಿತು ಎಂದು ಅಂದು ಮನೆಗೆ ಬಂದು ಹಿಂದಿನ ಕೋಣೆಯಲ್ಲಿ ಮೇಜು ಹಾಕಿಸಿದರು. ವಿಷ ಬಿಟ್ಟು, ಮುಟ್ಟಿದವರಿಗೆ ಕೆಡುಕಾಗದ ಬಿಳಿಗಾರ ಹಚ್ಚಿದರು. ಮೇಷ್ಟ್ರು ಅಷ್ಟರಲ್ಲಿ ಅಂಧ ಮಕ್ಕಳ ಶಾಲೆಗೆ ಪಾಠ ಹೇಳಲು ಸೇರಿದ್ದರು. ಕೋಣೆಯಲ್ಲಿ ಸರಿಯಾಗಿ ನಿಂತ ಪ್ರತಿಯೊಂದು ಹಕ್ಕಿಯೂ ಆ ಶಾಲೆಗೇ ಹೋಯಿತು.

ಆದ್ದರಿಂದ ಅವರ ಪಾಠದ ರೀತಿಯೇ ಬೇರೆ. ತಗಡು ಹೊದಿಸಿದ ಉದ್ದ ಮೇಜು, ಮೇಲೆ ಎರಡು ಟ್ಯೂಬ್‌ಲೈಟು, ಗೋಡೆಗೆ ದಾರದ ಉಂಡೆಗಳು. ಕೆಲಸ ಮುಗಿದ ಮೇಲೆ ಸೂಜಿಯಮ್ಮ ಟ್ಯೂಬ್‌ಲೈಟ್ ಆರಿಸಿ ಹಕ್ಕಿಯನ್ನು ಮೇಷ್ಟ್ರ ಕೈಗೆ ಕೊಡುತ್ತಿದ್ದರು. ಅವರ ಬೆರಳಿಗೆ ಹೊಲಿಗೆ ಸಿಕ್ಕಿದರೆ ಫೇಲು. ಗುಮಾಸ್ತನ ಮೊದಲ ಪಾರಿವಾಳವನ್ನು ಅವರು ಬಹಳ ಹೊತ್ತು ಸವರಿ, ಇದಕ್ಕೆ ಬೆನ್ನುನೋವಿದೆಯಾ ಎಂದು ಕೇಳಿದರು. ಎರಡನೆಯದಕ್ಕೆ ಕುತ್ತಿಗೆ ಹೆಚ್ಚಾಗಿತ್ತು. ಐದನೆಯದನ್ನು ಮನೆಗೆ ಒಯ್ದಾಗ ಅವನ ಅಕ್ಕ ನೋಡಿ, "ಥೇಟ್ ನಿನ್ನ ಹಾಗೇ ಇದೆ ಕಣೋ, ಏನೂ ಅರ್ಥವಾಗದ ಮುಖ" ಎಂದಳು. ಹನ್ನೊಂದನೆಯದಕ್ಕೆ ಮೇಷ್ಟ್ರು ಏನೂ ಅನ್ನಲಿಲ್ಲ. ಅದೇ ಪಾಸು.

ಗೂಬೆ ಮಾತ್ರ ಫ್ರೀಜರಿನಲ್ಲೇ ಇತ್ತು. ಶಾಲೆಯಲ್ಲಿದ್ದದ್ದು ಪ್ಲಾಸ್ಟಿಕ್ ಗೂಬೆ. ಅದನ್ನು ಮುಟ್ಟಿದ ಒಬ್ಬಳು ಹುಡುಗಿ, ಗೂಬೆ ಅಂದರೆ ಸ್ನಾನದ ಮಗ್ಗಿನ ಥರ ಎಂದು ಪರೀಕ್ಷೆಯಲ್ಲಿ ಹೇಳಿದ್ದಳು. ಅಂದಿನಿಂದ ಆರು ವರ್ಷ ಸೂಜಿಯಮ್ಮ ಗೂಬೆಗಾಗಿ ಕಾದಿದ್ದರು. ಸಿಗುವ ಹೊತ್ತಿಗೆ ಅವರ ಬೆರಳ ಗಿಣ್ಣುಗಳು ಊದಿ, ಬ್ಲೇಡು ಹಿಡಿದರೆ ಜಾರುವಂತಾಗಿತ್ತು. ಫ್ರೀಜರಿನಲ್ಲಿ ಹೆಚ್ಚು ದಿನ ಇಟ್ಟರೆ ಚರ್ಮ ಒಣಗಿ ಕಾಗದವಾಗುತ್ತದೆ. ಶಿಷ್ಯರಲ್ಲಿ ಕೈ ಚೆನ್ನಾಗಿದ್ದ ನರ್ಸಮ್ಮನಿಗೆ ವರ್ಗವಾಗಿತ್ತು. ನಿವೃತ್ತ ಬಸ್ ಚಾಲಕರಿಗೆ ಗರಿ ಕಂಡರೆ ಸೀನು ಬರುತ್ತಿತ್ತು. ಮಿಕ್ಕವನು ಕಡ್ಡಿ ಐಸ್ ಒಬ್ಬನೇ.

"ನೀನೇ ಮಾಡು" ಎಂದರು ಸೂಜಿಯಮ್ಮ. "ಕೆಟ್ಟರೆ ಇನ್ನಾರು ವರ್ಷ ಕಾಯೋಕೆ ನನ್ನ ಹತ್ತಿರ ಟೈಮ್ ಇಲ್ಲ. ಅಷ್ಟು ನೆನಪಿಟ್ಕೋ."

ಅಷ್ಟು ನೆನಪಿಟ್ಟುಕೊಂಡೇ ಅವನು ಕೆಟ್ಟ. ಆ ಭಾನುವಾರ ಉಸಿರು ಬಿಗಿಹಿಡಿದು, ಒದ್ದೆ ಟಿಶ್ಯೂ ಪೇಪರಿನಷ್ಟು ತೆಳುವಾದ ಚರ್ಮವನ್ನು ಐದು ಗಂಟೆ ಹೊತ್ತು ಬಿಡಿಸಿದ. ಒಂದು ತೂತೂ ಬೀಳಲಿಲ್ಲ. ಸೂಜಿಯಮ್ಮ ಚರ್ಮವನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದರು. ಅವನ ಎದೆ ಉಬ್ಬಿತು. ಆ ಉಬ್ಬಿನಲ್ಲೇ ಮೇಜು ಒರೆಸಿ, ಉಳಿದ ಮೈಯನ್ನು ಪೇಪರಿನಲ್ಲಿ ಸುತ್ತಿ, ಗೇಟಿನ ಮುಂದೆ ನಿಂತಿದ್ದ ಕಸದ ಗಾಡಿಗೆ ಹಾಕಿ ಬಂದ.

ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಚರ್ಮ ಬಿಡಿಸಿದ ಮೈಯನ್ನು ಕಾಗದದ ಮೇಲೆ ಮಲಗಿಸಿ ಸುತ್ತ ಗೆರೆ ಎಳೆಯಬೇಕು. ಎದೆಯ ಸುತ್ತಳತೆ, ಕುತ್ತಿಗೆಯ ಉದ್ದ ಎಲ್ಲವನ್ನೂ ದಾರದಿಂದ ಅಳೆದು ಬರೆದಿಡಬೇಕು. ಮರದ ನಾರು ಸುತ್ತಿ ಮಾಡುವ ಹೊಸ ಮೈಗೆ ಅದೊಂದೇ ಆಧಾರ. ಅಳತೆಯ ಹಾಳೆ ಮೇಜಿನ ಮೇಲೆ ಖಾಲಿಯೇ ಇತ್ತು. ಅವನಿಗೆ ಹಾಳೆ ಅಂದರೆ ಆಮೇಲೆ ತುಂಬುವ ವಸ್ತು. ರಿಪೇರಿಯವನು ಎಷ್ಟು ಗಂಟೆಗೆ ಬಂದ, ಎಷ್ಟು ಹೊತ್ತಿಗೆ ಲಿಫ್ಟು ಓಡಿತು ಎಂಬ ಕಾಲಂಗಳನ್ನು ಆಫೀಸಿನಲ್ಲಿ ಅವನು ತಿಂಗಳ ಕೊನೆಗೆ ಒಟ್ಟಿಗೆ ಕೂತು, ಕಿಟಕಿಯ ಹೊರಗೆ ನೋಡುತ್ತಾ ತುಂಬುತ್ತಿದ್ದ.

ಅದು ನೆನಪಾದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಗಾಡಿ ಆಗಲೇ ಊರಾಚೆ ಹೋಗಿತ್ತು. ಚರ್ಮ ಉಪ್ಪಿನ ನೀರು ಕಂಡು ಮತ್ತೆ ಫ್ರೀಜರ್ ಸೇರಿತ್ತು. ಒಂದು ವಾರ ಸಮಯವಿತ್ತು. ಆ ವಾರದಲ್ಲಿ ಅವನು ತನಗೆ ಚೆನ್ನಾಗಿ ಬರುವ ಕೆಲಸವನ್ನೇ ಮಾಡಿದ: ಗೂಬೆ ಹೇಗಿತ್ತು ಎಂದು ಕಣ್ಣ ಮುಂದೆ ತಂದುಕೊಂಡು, ಹಾಳೆಯನ್ನು ಮುದ್ದಾದ ಅಕ್ಷರದಲ್ಲಿ ತುಂಬಿದ. ಕಣ್ಣ ಮುಂದೆ ಬಂದದ್ದು ದುಂಡನೆಯ, ಮೈತುಂಬಿದ ಗೂಬೆ. ಮುಂದಿನ ಭಾನುವಾರ ಅದೇ ಅಳತೆಗೆ ನಾರು ಸುತ್ತಿ ಮೈ ಮಾಡಿದ.

ಚರ್ಮ ತೊಡಿಸುವ ಮೊದಲು ಮೈಯನ್ನು ಮೇಷ್ಟ್ರಿಗೆ ತೋರಿಸುವುದು ವಾಡಿಕೆ. ಅವರು ಅದನ್ನು ಎರಡೂ ಹಸ್ತದಲ್ಲಿ ಹಿಡಿದರು.

"ಇದು ಯಾರು?"

ಗೂಬೆ ಎಂದ ಗುಮಾಸ್ತ.

"ಗೂಬೆ ಇಷ್ಟಿರಲ್ಲಪ್ಪ. ಗರಿ ನೋಡಿ ಮೋಸ ಹೋಗಿದ್ದೀಯ. ಗರಿ ಕೆಳಗೆ ಅದು ಒಂದು ಹಿಡಿ. ಇದು ಉಂಡಾಡಿ ಗೂಬೆ."

ಸೂಜಿಯಮ್ಮ ಹಾಳೆ ಕೈಗೆ ತಗೊಂಡು ಮೂಗಿನ ತುದಿಯ ಕನ್ನಡಕದಿಂದ ಓದಿದರು. "ಎಲ್ಲಾ ಅಳತೆನೂ ಸೊನ್ನೆಲೋ ಐದರಲ್ಲೋ ಮುಗಿಯುತ್ತಲ್ಲ" ಎಂದರು ನಿಧಾನವಾಗಿ. "ಸ್ಕೇಲ್ ಇಟ್ಕೊಂಡು ಬೆಳೆದಿತ್ತಾ ಇದು?"

ಕಸದ ಗಾಡಿ ಬೇಗ ಬಂದುಬಿಟ್ಟಿತು, ಬಸ್ ಚಾಲಕರು ಮೇಜು ಖಾಲಿ ಮಾಡು ಅಂದರು, ಇಂಥ ಎರಡು ಮೂರು ಉತ್ತರಗಳು ಅವನ ನಾಲಿಗೆ ತುದಿಯಲ್ಲಿದ್ದವು. ಇನ್ನೊಬ್ಬರ ತಲೆ ಮೇಲೆ ಗೂಬೆ ಕೂರಿಸುವುದರಲ್ಲಿ ಅವನಿಗೆ ಆಫೀಸಿನ ಆರು ವರ್ಷದ ಅನುಭವ. ಆದರೆ ಎದುರಿಗೆ ಊದಿದ ಗಿಣ್ಣಿನ ಆ ಕೈ ಇನ್ನೂ ಹಾಳೆ ಹಿಡಿದೇ ಇತ್ತು. ಅಳೆಯಲಿಲ್ಲ, ಎಸೆದುಬಿಟ್ಟೆ, ಇದೆಲ್ಲ ಮನೆಯಲ್ಲಿ ಕೂತು ಬರೆದದ್ದು ಎಂದ.

ಸೂಜಿಯಮ್ಮ ಎದ್ದು ಒಳಗೆ ಹೋದರು. ಪಾತ್ರೆ ಸದ್ದು ಕೇಳಿಸಿತು. ಬಸ್ ಚಾಲಕರು ಒಂದು ಸಲ ಸೀನಿ, ಇದಕ್ಕೆ ಬೈಸಿಕೊಳ್ಳುವುದೇ ಮೇಲು ಎಂಬಂತೆ ಅವನ ಕಡೆ ನೋಡಿದರು. ದೊಡ್ಡ ಮೈಗೆ ಆ ಚರ್ಮ ತೊಡಿಸಿದರೆ ಹರಿಯುತ್ತದೆ, ಸಣ್ಣದಕ್ಕೆ ತೊಡಿಸಿದರೆ ಜೋತು ಬೀಳುತ್ತದೆ. ಮಕ್ಕಳ ಕೈಗೆ ಮತ್ತೆ ಮಗ್ಗೇ ಗತಿ.

ಮೇಷ್ಟ್ರು ಮಾತ್ರ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು. "ಆ ಉಂಡಾಡಿನ ಬಿಚ್ಚು" ಎಂದರು. "ನಾರು ಕೊಡು."

ಗೂಬೆ ಮನೆಗೆ ಬಂದ ದಿನ ಸೂಜಿಯಮ್ಮ ಅದನ್ನು ಮೊದಲು ಕೊಟ್ಟದ್ದು ಅವರ ಕೈಗೆ. ಐಸಿನ ತಣುಪು ಬಿಡುವವರೆಗೂ ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಗರಿಯೊಳಗೆ ಬೆರಳಿಳಿಸಿ ಎಲುಬು ಎಲುಬು ಓದಿದ್ದರು. ಕಣ್ಣು ಹೋದ ಮೇಲೆ ಅವರು ಯಾವುದನ್ನೂ ಸುಮ್ಮನೆ ಮುಟ್ಟುತ್ತಿರಲಿಲ್ಲ. ಈಗ ಖಾಲಿ ಹಸ್ತವನ್ನು ಒಮ್ಮೆ ಬಿಚ್ಚಿ, ಒಮ್ಮೆ ಮುಚ್ಚಿ, ನೆನಪನ್ನು ಹದ ಮಾಡಿಕೊಂಡು, ಗುಮಾಸ್ತನ ಕೈಯಲ್ಲಿ ದಾರ ಸುತ್ತಿಸತೊಡಗಿದರು. ಎದೆಯ ಮೂಳೆ ದೋಣಿಯ ತಳದ ಹಾಗೆ ಚೂಪಿತ್ತು, ಇಲ್ಲಿ ಒತ್ತು. ಇನ್ನೆರಡು ಸುತ್ತು. ಸಾಕು. ಸಾಕು ಅಂದೆ. ಮೂರು ಗಂಟೆ ಹೊತ್ತು, ಚಹಾ ಎರಡು ಸಲ ಆರಿಹೋಗುವವರೆಗೂ, ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳೆದು ಅಳೆದು ಕೊನೆಗೆ ಮೇಜಿನ ಮೇಲಿಟ್ಟದ್ದು ಒಂದು ಹಿಡಿಯಷ್ಟೇ ಮೈ. ಇಷ್ಟೇನಾ ಆ ಗೂಬೆ ಎಂದು ಗುಮಾಸ್ತನಿಗೆ ನಂಬಿಕೆ ಬರಲಿಲ್ಲ. ಚರ್ಮ ತೊಡಿಸಿದರು. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತು. ಭುಜದ ಬಳಿ ಕೊಂಚ ಸಡಿಲವಿತ್ತು, ಅಲ್ಲಿ ಹತ್ತಿ ತುರುಕಿದರು.

ಮುಂದಿನ ಭಾನುವಾರ ಗುಮಾಸ್ತ ಎಲ್ಲರಿಗೂ ಕಡ್ಡಿ ಐಸ್ ತಂದ. ಏನು ಹೇಳಬೇಕೋ ತಿಳಿಯದವನಿಗೆ ಕೈಯಲ್ಲಿ ಏನಾದರೂ ಇದ್ದರೆ ಅನುಕೂಲ. ಥ್ಯಾಂಕ್ಸ್ ಅನ್ನುವ ಮಾತನ್ನು ಬಸ್ಸಿನಲ್ಲಿ ನಾಲ್ಕು ಸಲ ಹೇಳಿ ನೋಡಿಕೊಂಡಿದ್ದ. ಬಾಗಿಲಲ್ಲಿ ಅದು ಹೊರಡಲೇ ಇಲ್ಲ. ಸೂಜಿಯಮ್ಮ ಐಸ್ ಚೀಪುತ್ತಾ, ಕರಗುತ್ತಿದೆ, ನಿಂತುಕೊಂಡು ಏನು ನೋಡ್ತೀಯ, ತಿನ್ನು ಎಂದರು. ಅವನು ತಿಂದ. ಅಲ್ಲಿಂದ ಮುಂದೆ ಆಫೀಸಿನ ಹಾಳೆಗಳನ್ನು ಆಯಾ ದಿನವೇ ತುಂಬತೊಡಗಿದ. ಅದರಿಂದ ನಿಜವಾದ ಗಂಟೆಗಳು ಹೊರಬಂದು ರಿಪೇರಿಯವರೆಲ್ಲ ಅವನ ಮೇಲೆ ಮುನಿಸಿಕೊಂಡರು. ಕಟ್ಟಡದ ಗಾಜಿಗೆ ಹಕ್ಕಿಗಳಿಗೆ ಕಾಣುವಂತೆ ಚುಕ್ಕೆ ಅಂಟಿಸಿ ಎಂದು ದೂರು ವಿಭಾಗದಿಂದಲೇ ಕಟ್ಟಡದವರಿಗೆ ಹನ್ನೆರಡು ದೂರು ಬರೆದ. ಮೂರನೇ ಮಹಡಿಯವರೆಗೆ ಅಂಟಿಸಿದ್ದಾರೆ. ಹದಿಮೂರನೆಯದು ಹೋಗಿದೆ.

ಗೂಬೆಯನ್ನು ಶಾಲೆಗೆ ಒಯ್ದ ದಿನ ಅವನು ರಜೆ ಹಾಕಿದ. ಪೆಟ್ಟಿಗೆ ಹೊತ್ತದ್ದೂ ಅವನೇ. ಮೂರನೇ ತರಗತಿಯ ಹದಿನಾಲ್ಕು ಮಕ್ಕಳು ಕೈ ತೊಳೆದು ಸಾಲಾಗಿ ಕೂತಿದ್ದರು. ಮೇಷ್ಟ್ರು ಮುಂದಿನ ಬೆಂಚಿನಲ್ಲಿದ್ದರು. ಸೂಜಿಯಮ್ಮ ಮುಖದ ತಟ್ಟೆಯಂಥ ಗರಿ ಸರಿಸಿ ಕಿವಿ ಎಲ್ಲಿದೆ ಎಂದು ತೋರಿಸಿದರು. ಒಂದು ಮೇಲೆ, ಒಂದು ಕೆಳಗೆ. ಮಕ್ಕಳು ತಮ್ಮ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. ಎರಡು ಜಡೆಯ ಹುಡುಗಿಯೊಬ್ಬಳು ರೆಕ್ಕೆಯ ಮೇಲೆ ಅಂಗೈ ಇಟ್ಟವಳು ತೆಗೆಯಲೇ ಇಲ್ಲ. ಇಷ್ಟು ಮೆತ್ತಗಿದ್ದರೆ ಹಾರುವಾಗ ಸದ್ದೇ ಬರಲ್ಲ ಅಲ್ವಾ ಎಂದಳು. ಪುಸ್ತಕದಲ್ಲಿ ಎರಡು ಪುಟ ಬೇಕಾದ ಮಾತು ಅದು.

ಶಾಲೆಯ ಮುಖ್ಯಸ್ಥರು, ಈ ಅಮ್ಮ ನಿಮಗೋಸ್ಕರ ಗೂಬೆಗೆ ಆರು ವರ್ಷ ಕಾದಿದ್ದಾರೆ, ಎಲ್ಲರೂ ಧನ್ಯವಾದ ಹೇಳಿ ಎಂದರು. ಹದಿಮೂರು ಮಕ್ಕಳು ಒಂದೇ ರಾಗದಲ್ಲಿ ಹೇಳಿದರು. ಎರಡು ಜಡೆಯವಳು ಹೇಳಲಿಲ್ಲ. ಅವಳ ಅಂಗೈ ಇನ್ನೂ ರೆಕ್ಕೆಯ ಮೇಲಿತ್ತು.

"ಆರು ವರ್ಷ ಕಾದ್ರಿ ಅಂದ್ರೆ" ಎಂದಳು ಅವಳು, "ಒಂದು ಗೂಬೆ ಸಾಯಲಿ ಅಂತ ಕಾದ್ರಾ?"

ಮುಖ್ಯಸ್ಥರು ಹಾಗೆಲ್ಲ ಕೇಳಬಾರದು ಎನ್ನಲು ಬಾಯಿ ತೆರೆದರು. ಮೇಷ್ಟ್ರು ತಲೆ ಎತ್ತಿ ಹೆಂಡತಿಯ ದನಿ ಬರುವ ದಿಕ್ಕಿಗೆ ಕಿವಿ ತಿರುಗಿಸಿದರು. ಗುಮಾಸ್ತನಿಗೆ ಒಳ್ಳೆಯ ಒಳ್ಳೆಯ ಉತ್ತರಗಳು ಹೊಳೆದವು, ಎಲ್ಲವೂ ದುಂಡಗೆ, ಸೊನ್ನೆಯಲ್ಲಿ ಮುಗಿಯುವಂಥವು.

ಸೂಜಿಯಮ್ಮ ಊದಿದ ಬೆರಳಿನಿಂದ ಆ ಹುಡುಗಿಯ ಇನ್ನೊಂದು ಕೈಯನ್ನೂ ಹಿಡಿದು ಗೂಬೆಯ ಬೆನ್ನ ಮೇಲಿಟ್ಟರು.

"ಹೂಂ, ಕಾದೆ" ಎಂದರು. "ಬದುಕಿರೋದು ನಿನ್ನ ಕೈಯಲ್ಲಿ ಕೂರಲ್ಲ."