ಇರುವೆ ಬಾರದ ಮೂಲೆ

ನಮ್ಮ ಹಿತ್ತಿಲಲ್ಲಿ ಇರುವೆ ಬಾರದ ಒಂದು ಮೂಲೆ ಇದೆ.

ನಿಮಗೆ ಗೊತ್ತೇ ಇದೆ, ಶಹಾಪುರದ ಬಿಸಿಲಿಗೆ ಇರುವೆಗಳು ಎಲ್ಲಿ ಬೇಕಾದರೂ ನುಗ್ಗುತ್ತವೆ. ಬೆಲ್ಲದ ಡಬ್ಬಿ, ಹಿಟ್ಟಿನ ಬುಟ್ಟಿ, ಕೂಸಿನ ತೊಟ್ಟಿಲು. ಆದರೆ ಆ ಮೂಲೆಗೆ ಮಾತ್ರ ಬರುವುದಿಲ್ಲ. ಗೆದ್ದಲೂ ಇಲ್ಲ. ಇಂಥ ಸ್ವಚ್ಛ ಮಣ್ಣು ಇಡೀ ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲ ಎನ್ನುವುದು ನಮ್ಮ ಅತ್ತೆಯ ಹೆಮ್ಮೆ. ಬೇರೆ ಕಡೆ ಬಿತ್ತಿದ ಬೀಜವನ್ನು ಇರುವೆ ಹೊತ್ತೊಯ್ಯುತ್ತದೆ. ಅಲ್ಲಿ ಬಿತ್ತಿದ್ದು ಬಿತ್ತಿದ ಹಾಗೆಯೇ ಮೊಳೆಯುತ್ತದೆ.

ಹಾಗಾಗಿ ಮನೆಯಲ್ಲಿ ಬಾಣಂತಿ ಇದ್ದಾಗಲೆಲ್ಲ ಸಬ್ಬಸಿಗೆ ಅಲ್ಲೇ. ಸಬ್ಬಸಿಗೆ ತಿಂದರೆ ಎದೆಹಾಲು ಹೆಚ್ಚುತ್ತದೆ ಎಂಬುದು ನಮ್ಮ ಕಡೆ ಯಾರೂ ಪ್ರಶ್ನಿಸದ ಮಾತು. ಈ ಸಲದ ಬಾಣಂತಿ ನನ್ನ ಮಗಳು ಸುನೀತಾ. ಬಿಸಿ ರೊಟ್ಟಿ, ಸಬ್ಬಸಿಗೆ ಪಲ್ಯ, ಮೇಲಿಷ್ಟು ತುಪ್ಪ. ಸೊಪ್ಪು ಕೊಯ್ಯುವ ಕೆಲಸ ಅತ್ತೆಯದು. ಬೇರೆ ಯಾರೂ ಕೈ ಹಾಕುವಂತಿಲ್ಲ.

ಆ ದಿನಗಳಲ್ಲೇ ನನ್ನ ತಮ್ಮನ ಮಗಳು ಶೈಲಜಾ ಬಂದಳು. ಅವಳದು ಮಣ್ಣಿನ ಸಂಶೋಧನೆ. ಎಷ್ಟೋ ವರ್ಷದ ಹಿಂದೆ ಹೊಲಕ್ಕೆ ಹಾಕಿದ ಕೀಟನಾಶಕ ಕರಗದೆ ಇನ್ನೂ ಎಲ್ಲೆಲ್ಲಿ ಕೂತಿದೆ ಎಂದು ಹುಡುಕುವುದು. ಬೋನಾಳ ಕೆರೆಯ ಕೆಸರು, ಸುರಪುರದ ಸುತ್ತಲಿನ ಹೊಲಗಳ ಮಣ್ಣು, ಎಲ್ಲ ಗಾಜಿನ ಬಾಟಲಿಯಲ್ಲಿ. (ನಾನು ಪ್ಲಾಸ್ಟಿಕ್ ಡಬ್ಬಿ ಕೊಡಹೋದೆ, ಬೇಡವೆಂದಳು. ಪ್ಲಾಸ್ಟಿಕ್ಕಿನಲ್ಲಿರುವುದೂ ಸ್ಯಾಂಪಲ್ಲಿಗೆ ಇಳಿದು ಪರೀಕ್ಷೆ ಕೆಡುತ್ತದಂತೆ. ನಾವು ಉಪ್ಪಿನಕಾಯಿ ಇಡುವುದು ಅದರಲ್ಲೇ.)

ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ತಮ್ಮ ಮಣ್ಣನ್ನು ಹೊಗಳಿದರು. ಶೈಲಜಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ಆಯಿ, ಆ ಮೂಲ್ಯಾಗ ಮೊದಲ ಏನಿತ್ತು?”

“ಹಗೇವು ಇತ್ತವಾ.”

ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ವರ್ಷದ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಆಯಿತು. ನಮ್ಮ ಮಾವನ ಕಾಲಕ್ಕೆ ಬಿಎಚ್‌ಸಿ ಎಂಬ ಕೀಟನಾಶಕ ಪುಡಿ ಬಂತು. ಹುಳ ಬೀಳಬಾರದೆಂದು ಹಗೇವಿನ ಸುತ್ತ, ಚೀಲದ ಮೇಲೆ ಉದುರಿಸುತ್ತಿದ್ದರು. (ವಿಷವನ್ನು ನಾವು ಇವತ್ತಿಗೂ ಕರೆಯುವುದು ಔಷಧ ಎಂದೇ.) ಮುಂದೆ ಸರಕಾರ ಆ ಪುಡಿಯನ್ನು ನಿಲ್ಲಿಸಿತು. ಉಳಿದ ಚೀಲಗಳನ್ನು ಮಾವ ಹೊರಗೆ ಎಸೆಯಲಿಲ್ಲ. ಆಡು ಮೂಸುತ್ತದೆ, ಮಕ್ಕಳು ಮುಟ್ಟುತ್ತಾರೆ ಎಂಬ ಹೆದರಿಕೆ. ಖಾಲಿ ಬಿದ್ದಿದ್ದ ಹಗೇವಿಗೆ ಇಳಿಸಿ, ಮೇಲೆ ಮಣ್ಣು ತುಂಬಿ, ಕಾಲಲ್ಲಿ ತುಳಿದು ಗಟ್ಟಿ ಮಾಡಿದರು.

ಜಾಗ್ರತೆಯ ಮನುಷ್ಯ. ಮಣ್ಣಿಗೆ ಹಾಕಿದ್ದು ಮಣ್ಣಾಗುತ್ತದೆ ಎಂದುಕೊಂಡರು. ಹಾಗೆ ಆಗದ ವಸ್ತುವನ್ನು ಅವರು ಅಲ್ಲಿಯವರೆಗೆ ಕಂಡಿದ್ದರೆ ತಾನೆ?

ಮೊದಲ ಮಳೆಗೆ ಆ ಮೂಲೆಯಿಂದ ಒಂದು ಮುಗ್ಗಲು ವಾಸನೆ ಏಳುತ್ತದೆ. ಅದು ಹಳೆಯ ಜೋಳದ ವಾಸನೆ ಎಂದೇ ನಾವೆಲ್ಲ ತಿಳಿದಿದ್ದೆವು. ಸುನೀತಾಳಿಗಂತೂ ಆ ವಾಸನೆ ಬಂದರೆ ಅಜ್ಜನ ನೆನಪು.

ಶೈಲಜಾ ಸ್ಟೀಲ್ ಚಮಚದಲ್ಲಿ ಮಣ್ಣು ತೆಗೆದು ಬಾಟಲಿಗೆ ತುಂಬಿಕೊಂಡಳು. ಒಂದು ಹಿಡಿ ಸೊಪ್ಪನ್ನೂ ಕಿತ್ತುಕೊಂಡಳು. ರಿಪೋರ್ಟ್ ಬರುವವರೆಗೆ ಸುನೀತಾಳಿಗೆ ಪಲ್ಯ ಬೇಡ ಎಂದಳು. ಅತ್ತೆಗೆ ಸಿಟ್ಟು ನೆತ್ತಿಗೇರಿತು.

“ಬಾಣಂತಿ ಬಾಯಾಗಿನ ತುತ್ತು ಕಸ್ಗೊಳ್ಳಾಕ ಇಷ್ಟು ಓದಿಯೇನು? ನನ್ನ ಹೆಣ್ಮಕ್ಕಳಿಗೂ ಇದನ್ನೇ ತಿನಿಸೀನಿ. ಯಾರಿಗಿ ಏನಾಗೇತಿ?”

“ಏನಾಗೇತಿ ಅನ್ನೋದು ಮಾರಿ ನೋಡಿದ್ರ ಗೊತ್ತಾಗಂಗಿಲ್ಲ, ಆಯಿ,” ಎಂದಳು ಶೈಲಜಾ.

ಮೂರ್ನಾಲ್ಕು ವಾರಕ್ಕೆ ಶೈಲಜಾಳ ಫೋನ್ ಬಂತು. ಮಣ್ಣಿನಲ್ಲಿ ಬಿಎಚ್‌ಸಿ ಧಾರಾಳವಾಗಿದೆ. ಸೊಪ್ಪಿನಲ್ಲಿ ಅಷ್ಟಿಲ್ಲ, ಆದರೆ ಇದೆ.

ಸುನೀತಾ ಕೂಸನ್ನು ಎದೆಯಿಂದ ಬಿಡಿಸಿ ನನ್ನ ಮಡಿಲಿಗೆ ಹಾಕಿದಳು. ಅದು ಅಳುತ್ತಿತ್ತು. ಇವಳ ರವಿಕೆ ಹಾಲಿನಿಂದ ತೊಯ್ದಿತ್ತು. ಆದರೂ ಕೊಡಲೊಲ್ಲಳು. ನಾನೇ ವಿಷ ಕುಡಿಸುತ್ತಿದ್ದೆನಾ ಎಂದು ಕೇಳಿದಳು. ಅಷ್ಟೂ ಹೊತ್ತು ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು.

ಸಿಕ್ಕ ಬಸ್ಸಿಗೆ ಯಾದಗಿರಿಗೆ ಹೋದೆವು. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. ಇಂಥದ್ದು ಒಂದಿಷ್ಟು ಇವತ್ತು ಎಲ್ಲರ ಮೈಯಲ್ಲೂ ಇರುತ್ತದೆ, ನನ್ನ ಮೈಯಲ್ಲೂ ಇದೆ ಎಂದರು. ಹೆದರಿ ಎದೆಹಾಲು ಬಿಡಿಸಿದರೆ ಕೂಸಿಗೆ ನಷ್ಟವೇ ಹೆಚ್ಚು, ಬಿಡಬೇಕಾದದ್ದು ಆ ಸೊಪ್ಪನ್ನು. ಸುನೀತಾ ಅಲ್ಲೇ ಬೆಂಚಿನ ಮೇಲೆ ಕೂತು ಹಾಲು ಕೊಟ್ಟಳು. ಕೂಸು ನಿದ್ದೆ ಹೋಯಿತು. ಎಲ್ಲರ ಮೈಯಲ್ಲೂ ಇದೆ ಎಂಬ ಮಾತಿನಿಂದ ಸಮಾಧಾನ ಪಡುವ ದಿನವೂ ಬಂತಲ್ಲ ಎಂದುಕೊಳ್ಳುತ್ತ ಬಸ್ಸು ಹತ್ತಿದೆ.

ಶೈಲಜಾಳ ಲ್ಯಾಬಿನ ಮಷೀನ್ ಈಗ ಹೇಳಿದ್ದನ್ನು ಇರುವೆಗಳು ಇಷ್ಟು ವರ್ಷದಿಂದ ಹೇಳುತ್ತಲೇ ಇದ್ದವು. ನಮಗೆ ಅದು ಹೊಗಳಿಕೆಯಾಗಿ ಕೇಳಿಸಿತು. ಸಂತೆಯಲ್ಲಿ ನೀವೂ ನಾನೂ ಹುಳ ಮುಟ್ಟದ ಬದನೆಕಾಯಿ, ನುಸಿ ಬೀಳದ ಬೇಳೆಯನ್ನೇ ಆರಿಸುತ್ತೇವೆ. ಹುಳ ಯಾಕೆ ಮುಟ್ಟಲಿಲ್ಲ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಹಗೇವನ್ನು ಅಗೆಯಬೇಡಿ, ಪುಡಿ ಮೇಲೆ ಏಳುತ್ತದೆ ಎಂದಿದ್ದಾಳೆ ಶೈಲಜಾ. ಅದನ್ನು ಸುಡುವುದಕ್ಕೆ ಬೇರೆಯೇ ಭಟ್ಟಿ ಬೇಕಂತೆ. ಎಲ್ಲಿದೆ ಎಂದು ವಿಚಾರಿಸುತ್ತಿದ್ದಾಳೆ. ಅಲ್ಲಿಯವರೆಗೆ ಆ ಮೂಲೆಗೆ ಬೇಲಿ.

ಮೊನ್ನೆ ಬೆಳಿಗ್ಗೆ ಅತ್ತೆ ತಾವೇ ಹೋಗಿ ಉಳಿದ ಸಬ್ಬಸಿಗೆಯನ್ನೆಲ್ಲ ಕಿತ್ತರು. ನಮ್ಮ ಮನೆಯಲ್ಲಿ ಕಸ ಎನ್ನುವುದೇ ಇಲ್ಲ. ಹಸಿಯದು ಆಡಿಗೆ, ಕೊಳೆತದ್ದು ತಿಪ್ಪೆಗೆ, ಒಣಗಿದ್ದು ಒಲೆಗೆ. ಅತ್ತೆ ಆಡಿನ ಕಡೆ ಹೋದರು. ಮರಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತ್ತು. ತಿಪ್ಪೆಯ ಕಡೆ ತಿರುಗಿದರು. ಆ ಗೊಬ್ಬರ ಹೊಲಕ್ಕೆ ಹೋಗುತ್ತದೆ. ನೀರೊಲೆಯ ಹತ್ತಿರ ಸುನೀತಾ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು.

ಸೊಪ್ಪಿನ ಹೊರೆ ಹಿಡಿದುಕೊಂಡು ಹಿತ್ತಿಲ ನಡುವೆ ನಿಂತು ಅವರು ನನ್ನನ್ನು ಕೇಳಿದರು:

“ಇದನ್ನ ಎಲ್ಲಿ ಒಗೀಲವಾ?”