ಸೋರುವುದೂ ಒಂದು ಶೈಲಿಯಂತೆ!

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ಸಜ್ಜಾಗೆ ಮರಣದಂಡನೆ ವಿಧಿಸಿದರು. ಕೈ ಎತ್ತಿದವರೆಲ್ಲ ಓದಿದವರು. ನಡುವೆ ಸಮೋಸ, ಕಾಫಿ.

ಸಜ್ಜಾ ಗೊತ್ತಲ್ಲ? ಕಿಟಕಿಯ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡು ಮಳೆ, ಬಿಸಿಲು ತಡೆಯುತ್ತದಲ್ಲ, ಅದು. ನಮ್ಮ ದಾವಣಗೆರೆಯಲ್ಲಿ ಕೋಳಿಗೂಡು ಕಟ್ಟುವವನೂ ಅದನ್ನು ಮರೆಯುವುದಿಲ್ಲ. ಪಟ್ಟಂದೂರು ಅಗ್ರಹಾರದ ನಮ್ಮ ಕಟ್ಟಡಕ್ಕೆ ಮಾತ್ರ ಒಂದೂ ಇಲ್ಲ. ಬೋಳು ಬಿಳಿ ಗೋಡೆ, ಅಡ್ಡಕ್ಕೆ ಪಟ್ಟಿ ಹೊಡೆದಂಥ ಕಿಟಕಿ, ಚಪ್ಪಟೆ ತಾರಸಿ, ಹಡಗಿನಲ್ಲಿರುವಂಥ ಪೈಪಿನ ಕಂಬಿ. ತೊಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ್ದು. ದೂರದಿಂದ ನೋಡಿದರೆ ಫ್ರಿಜ್ಜು. ಹತ್ತಿರ ಬಂದರೆ, ಅತ್ತು ಕಾಡಿಗೆ ಇಳಿದ ಹಾಗೆ ಪ್ರತಿ ಕಿಟಕಿಯ ಕೆಳಗೂ ಕಪ್ಪು ಕಲೆ.

ಮಳೆ ಬಂದರೆ ಪಶ್ಚಿಮದ ಮನೆಗಳ ಗತಿ ಕೇಳಬೇಡಿ. ಕಿಟಕಿ ಮುಚ್ಚಿದರೂ ಚೌಕಟ್ಟಿನ ಸಂದಿಯಿಂದ ನೀರು ಒಳಗೆ. ಹಾಗಾಗಿ ಎಲ್ಲರ ಮನೆಯಲ್ಲೂ ಒಂದು ಹಳೇ ಟವೆಲ್ ಮೀಸಲು. ಮೋಡ ಕಂಡ ಕೂಡಲೇ ಸುರುಳಿ ಸುತ್ತಿ ಕಿಟಕಿಯ ಉದ್ದಕ್ಕೂ ಇಡಬೇಕು. ನೆನೆದರೆ ಹಿಂಡಿ ಮತ್ತೆ ಇಡಬೇಕು.

ಆಫೀಸಿಗೆ ಹೋಗುವವರು ಏನು ಮಾಡಬೇಕು? ಮನೆಯಲ್ಲೇ ಕೂತು ಬರೆಯುವ ನಾನಿದ್ದೇನಲ್ಲ! ನಮ್ಮ ಅಡುಗೆಮನೆಯ ಮೊಳೆಯಲ್ಲಿ ಅವರೆಲ್ಲರ ಕೀಗಳು ನೇತಾಡುತ್ತವೆ. ಮೋಡ ಕವಿದರೆ ಮೊಬೈಲು ಕಿರುಚುತ್ತದೆ. "ಆಂಟಿ, ವೈಟ್‌ಫೀಲ್ಡ್ ಕಡೆ ಮಳೆಯಂತೆ, ನಮ್ಮನೆ ಟವೆಲ್ ಪ್ಲೀಸ್." ನಾನು ಸಾರಿನ ಒಲೆ ಆರಿಸಿ ಓಡುತ್ತೇನೆ. ಯಾರ ಮನೆಯ ಟವೆಲ್ ಎಲ್ಲಿರುತ್ತದೆ ಎಂದು ನಿದ್ದೆಯಲ್ಲೂ ಹೇಳಬಲ್ಲೆ. (ಒಬ್ಬರದು ಯಾವುದೋ ಹೋಟೆಲಿನ ಹೆಸರಿರುವ ಟವೆಲ್. ನಾನು ಕೇಳಿಲ್ಲ, ಅವರೂ ಹೇಳಿಲ್ಲ.) ಬೇಸರವಿರಲಿಲ್ಲ. ನೆರೆಹೊರೆ ಅಂದರೆ ಅಷ್ಟೇ ಅಲ್ಲವೇ?

ನನ್ನ ಮೊಳೆಯಲ್ಲಿದ್ದ ಒಂದು ಕೀ ಮಾತ್ರ ಹೋದ ವರ್ಷ ಕೆಲಸ ಕಳೆದುಕೊಂಡಿತು. ಎರಡನೇ ಮಹಡಿಯ ಶಿವಲೀಲಾ ಮನೆಯದು. ರಾಣೇಬೆನ್ನೂರಿನವಳು, ಬ್ಯಾಂಕಿನಲ್ಲಿ ಕೆಲಸ. ಅವಳ ಮಗ ಚನ್ನುವಿಗೆ ಉಬ್ಬಸ. ಅವನು ಮಲಗುವ ಕೋಣೆಯ ಗೋಡೆ ನೀರು ಕುಡಿದು ಕುಡಿದು ಹಸಿರು ಬೂಷ್ಟು ಹಿಡಿದಿತ್ತು. ಡಾಕ್ಟರು ಗೋಡೆ ಒಣಗಿಸಿ ಎಂದರು. ಅವಳು ಯಾರನ್ನೂ ಕೇಳದೆ ಕಿಟಕಿಯ ಮೇಲೊಂದು ಫೈಬರ್ ಶೀಟಿನ ಸಜ್ಜಾ ಹಾಕಿಸಿದಳು.

ಗೋಡೆ ಒಣಗಿತು. "ಅಕ್ಕಾರ, ಈ ಮಳಿಗಾಲದಾಗ ಒಂದ್ ರಾತ್ರೀನೂ ಅವ ಎದ್ದು ಕುಂತಿಲ್ರೀ" ಎಂದು ಮೊನ್ನೆ ನನ್ನ ಕೈ ಹಿಡಿದುಕೊಂಡಿದ್ದಳು.

ಆ ಸಜ್ಜಾಗೇ ಭಾನುವಾರ ಶಿಕ್ಷೆ. ಯಾವುದೋ ಪತ್ರಿಕೆಯವರು ಕಟ್ಟಡದ ಫೋಟೋ ತೆಗೆಯಲು ಬರುತ್ತಾರಂತೆ. ರೀಸೇಲ್ ವ್ಯಾಲ್ಯೂ ಏರುತ್ತದಂತೆ. ಅದಕ್ಕೇ ಒರಿಜಿನಲ್ ಎಲಿವೇಶನ್, ಅಂದರೆ ಕಟ್ಟಿದಾಗಿನ ಹೊರಮುಖವೇ ಬೇಕು, ಶನಿವಾರದೊಳಗೆ ಸಜ್ಜಾ ಹೋಗಬೇಕು ಎಂದರು ಅಸೋಸಿಯೇಶನ್ ಅಧ್ಯಕ್ಷರು. (ಅವರದು ಪೂರ್ವದ ಫ್ಲ್ಯಾಟು. ಮಳೆ ಅವರಿಗೆ ಬರೀ ಸದ್ದು.)

ಕಟ್ಟಡದ ಆರ್ಕಿಟೆಕ್ಟನ್ನೂ ಕರೆಸಿದ್ದರು. ಮೆತ್ತನೆ ಮಾತಿನ ಮನುಷ್ಯ. ನೂರು ವರ್ಷದ ಹಿಂದೆ ಯುರೋಪಿನಲ್ಲಿ ಇಂಥ ಬಿಳಿ ಮನೆಗಳನ್ನು ಕಟ್ಟಿದ್ದರಂತೆ. ಆಮೇಲೆ ಜನ ಮರೆತರಂತೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಅಮೆರಿಕದವರು ಆ ಶೈಲಿಗೆ ಮತ್ತೆ ಜೀವ ಕೊಟ್ಟರಂತೆ. ಇವರು ಅಲ್ಲಿ ಓದುವಾಗ ಅದನ್ನು ನೋಡಿ, ಮನಸೋತು, ಬಂದು ನಮಗೆ ಕಟ್ಟಿಕೊಟ್ಟರು. "ಗೋಡೆ ಶುದ್ಧವಾಗಿರಬೇಕು. ಒಂದು ಗೆರೆಯೂ ಆಚೆ ಬರಬಾರದು" ಎಂದರು.

ನಾನು ಎದ್ದು ಕೇಳಿದೆ. "ಸಾರ್, ಆ ಊರಲ್ಲಿ ಮಳೆ ಬರ್ತಿರಲಿಲ್ವಾ?"

ಅವರು ನಕ್ಕರು. "ಬರ್ತಿತ್ತು ಮೇಡಂ. ಆ ಮನೆಗಳೂ ಸೋರ್ತಿದ್ವು. ಅದಕ್ಕೇ ಫೇಮಸ್ಸು!"

ಎಲ್ಲರೂ ನಕ್ಕರು. ಶಿವಲೀಲಾ ನಗಲಿಲ್ಲ. "ಮತ್ತ ನನ್ನ ಮಗಾ?" ಎಂದಳು.

"ತೇವ ಹೀರೋ ಡಿಹ್ಯೂಮಿಡಿಫೈಯರ್ ಸಿಗುತ್ತೆ ಮೇಡಂ, ಆನ್‌ಲೈನಲ್ಲಿ" ಎಂದರು ಅಧ್ಯಕ್ಷರು.

ಕೈಗಳು ಎದ್ದವು. ನಾನು ಟವೆಲ್ ಇಟ್ಟ ಮನೆಗಳವರೂ ಎತ್ತಿದರು.

ಅವತ್ತಿನಿಂದ ಒಗ್ಗರಣೆ ಹಾಕುವಾಗಲೂ ಅದನ್ನೇ ಗೊಣಗುತ್ತಿದ್ದೇನೆ. ಗೊತ್ತಿಲ್ಲದೆ ತಪ್ಪು ಮಾಡುವುದು ಬೇರೆ. ಆದರೆ ಮೊದಲ ಸಲ ಸೋರಿದ್ದು ಗೊತ್ತಿದ್ದೂ ಎರಡನೇ ಸಲ ಕಟ್ಟಿದರಲ್ಲ? ಎರಡನೇ ಸಲ ಕಟ್ಟಿದ್ದನ್ನು ನೋಡಿ, ಮೂರನೇ ಸಲ ನಮ್ಮ ಕೆಂಪು ಧೂಳು, ಅಡ್ಡ ಹೊಡೆಯುವ ಮಳೆಯ ನಡುವೆ ತಂದು ನಿಲ್ಲಿಸಿದರಲ್ಲ? ಹಳೆಯದಕ್ಕೆ ಮರುಜೀವ ಕೊಡುವಾಗ ಅದರ ಕಾಯಿಲೆಗೂ ಮರುಜೀವ ಕೊಡಬೇಕಿತ್ತೇ? ನಾವೇನು ಕಡಿಮೆ? ಈ ಊರಲ್ಲಿ ಮಣ್ಣಿನ ಗುಡಿಸಲಿಗೂ ಸೂರು ಮುಂದಕ್ಕೆ ಇಳಿದಿರುತ್ತದೆ. ಕೋಟಿ ಕೊಟ್ಟು ಕೊಂಡವರು ನಾವು ಟವೆಲ್ ಹಿಂಡುತ್ತೇವೆ, ಹಿಂಡುತ್ತಲೇ ಗೋಡೆಯ ಶುದ್ಧತೆಗೆ ಕೈ ಎತ್ತುತ್ತೇವೆ. ಆ ಶುದ್ಧ ಗೋಡೆಯ ಒಳಮೈಗೆ ಒಂದು ಮಗು ಒರಗಿ ಮಲಗುತ್ತದೆ ಎಂಬುದು ಯಾರ ಎಲಿವೇಶನ್ನಿನಲ್ಲೂ ಕಾಣುವುದಿಲ್ಲ.

ಮಂಗಳವಾರ ಮಧ್ಯಾಹ್ನ ಮೋಡ ಕವಿಯಿತು. ಮೊಬೈಲು ಕಿರುಚಿತು. ನಾನು ಮೊಳೆಯಿಂದ ಒಂದನ್ನು ಬಿಟ್ಟು ಉಳಿದ ಕೀಗಳನ್ನೆಲ್ಲ ತೆಗೆದು, ನೆಟ್ಟಗೆ ಅಧ್ಯಕ್ಷರ ಬಾಗಿಲು ತಟ್ಟಿದೆ. ಅವರಿಗೆ ವರ್ಕ್ ಫ್ರಮ್ ಹೋಮ್. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಬಂದರು.

"ಏನ್ ಮೇಡಂ ಇದು?"

"ಕೀ. ಪಶ್ಚಿಮದ ಮನೆಗಳದ್ದು. ಮಳೆ ಬರ್ತಿದೆ, ಟವೆಲ್ ಇಡ್ಬೇಕು. ಮೇಲಿನ ಮಹಡಿಯಿಂದ ಶುರು ಮಾಡಿ, ಅಲ್ಲಿ ಜಾಸ್ತಿ."

"ಅಯ್ಯೋ, ನಾನು ಕಾಲ್‌ನಲ್ಲಿದ್ದೀನಿ! ಇದನ್ನೆಲ್ಲ ಮೊದಲಿಂದ ನೀವೇ ತಾನೇ ನೋಡ್ಕೊಳ್ತಿರೋದು?"

ಕೀಗೊಂಚಲನ್ನು ಅವರ ಕೈಯಲ್ಲಿಟ್ಟು ಮೆಟ್ಟಿಲಿಳಿದೆ. ಶಿವಲೀಲಾ ಮನೆಯ ಕೀ ಮಾತ್ರ ನನ್ನ ಮೊಳೆಯಲ್ಲೇ ಇದೆ. ಆ ಕಿಟಕಿಗೆ ಟವೆಲ್ ಬೇಕಿಲ್ಲ, ಶನಿವಾರದವರೆಗೆ.

ಸಜ್ಜಾ ಮೂಲ ನಕ್ಷೆಯಲ್ಲಿ ಇರಲಿಲ್ಲ, ಒಪ್ಪಿದೆ. ಟವೆಲ್ ಹಿಡಿದು ಓಡುವ ನಾನು ಯಾವ ನಕ್ಷೆಯಲ್ಲಿದ್ದೆ?